ಮೆಲ್ಲಗೆ ಊದಿದ ಉಸಿರು

ಶನಿವಾರ ಬಂತೆಂದರೆ ಬಿಳಿದಿನ್ನಿಯ ಹೆಣ್ಣುಮಕ್ಕಳ ವಸತಿ ಶಾಲೆಯಲ್ಲಿ ಬೆಳಗಿನ ಉಪ್ಪಿಟ್ಟು ಯಾರ ಗಂಟಲಲ್ಲೂ ಇಳಿಯುತ್ತಿರಲಿಲ್ಲ. ಎಂಟೂವರೆ ಗಂಟೆಗೆ ಅರವತ್ತೆರಡು ಹುಡುಗಿಯರು ವಿಜ್ಞಾನ ಕೊಠಡಿಯ ಮುಂದಿನ ವರಾಂಡದಲ್ಲಿ ಸಾಲಾಗಿ ನಿಲ್ಲುತ್ತಿದ್ದರು. ಒಳಗೆ ಮೇಜಿನ ಮೇಲೆ ಬೆರಳುದ್ದದ ಗಾಜಿನ ಕೊಳವೆಗಳು, ಪ್ರತಿಯೊಂದರ ತಳದಲ್ಲಿ ಅರಿಶಿನ ಕದಡಿದಂಥ ಹಳದಿ ನೀರು. ಒಬ್ಬೊಬ್ಬಳೇ ಬಂದು ಕೊಳವೆಯ ಬಾಯಿಗೆ ತುಟಿಯಿಟ್ಟು ಒಂದು ನಿಮಿಷ ಊದಬೇಕು. ಉಸಿರಿನಲ್ಲಿ ರೋಗವಿದ್ದರೆ, ಅರಿಶಿನಕ್ಕೆ ಸುಣ್ಣ ಬಿದ್ದ ಹಾಗೆ ನೀರು ಕೆಂಪಾಗುತ್ತಿತ್ತು. ಮೂರು ಶನಿವಾರ ಒಂದರ ಹಿಂದೊಂದು ಹಳದಿಯಾಗಿಯೇ ಉಳಿದವಳು ಮನೆಗೆ ಹೋಗಬಹುದು.

ಆ ರೋಗಕ್ಕೆ ವೈದ್ಯರು ಅಕ್ಷರಕ್ಕೆ ಅಂಕಿ ಸೇರಿಸಿ ಏನೋ ಹೆಸರಿಟ್ಟಿದ್ದರು. ಜನರ ಬಾಯಲ್ಲಿ ಅದು ದೊಡ್ಡವರ ಜ್ವರ. ಮಕ್ಕಳಿಗೆ ಅದು ಏನೂ ಮಾಡುತ್ತಿರಲಿಲ್ಲ. ಮಕ್ಕಳ ಎದೆಯೆಲುಬಿನ ಹಿಂದೆ ಥೈಮಸ್ ಎಂಬ ಗ್ರಂಥಿ ದೊಡ್ಡದಾಗಿರುತ್ತದೆ. ಮೈಯನ್ನು ಕಾಯುವ ಕಣಗಳು ಯಾವುದು ತಮ್ಮದು, ಯಾವುದು ಹೊರಗಿನದು ಎಂದು ಕಲಿಯುವುದು ಅಲ್ಲಿ. ಈ ವೈರಾಣು ನೆಟ್ಟಗೆ ಆ ಗ್ರಂಥಿಯೊಳಗೇ ಹೋಗಿ ಕೂತು, ತಾನೂ ಮನೆಯವನೇ ಎಂದು ನಂಬಿಸಿಬಿಡುತ್ತಿತ್ತು. ಹಾಗಾಗಿ ಮಗುವಿಗೆ ಒಂದು ಸೀನು ಕೂಡ ಇಲ್ಲದೆ ಅದು ತಿಂಗಳುಗಟ್ಟಲೆ ಉಸಿರಿನಲ್ಲಿ ಹೋಗಿಬಂದು ಮಾಡುತ್ತಿತ್ತು. ದೊಡ್ಡವರಲ್ಲಿ ಆ ಗ್ರಂಥಿ ಬತ್ತಿರುತ್ತದೆ. ಅವರ ಮೈ ವೈರಾಣುವನ್ನು ಕಂಡ ಕೂಡಲೇ ಮೇಲೆ ಬೀಳುತ್ತಿತ್ತು. ಆ ಕಾದಾಟದಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿ, ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯುತ್ತಿತ್ತು. ಹತ್ತರಲ್ಲಿ ಒಬ್ಬರು ಉಳಿದರೆ ಹೆಚ್ಚು.

ಜ್ವರ ಮೊದಲು ಹಬ್ಬಿದ್ದು ವಸತಿ ಶಾಲೆಗಳಲ್ಲಿ. ಒಂದೇ ಕೋಣೆಯಲ್ಲಿ ಇಪ್ಪತ್ತು ಮಕ್ಕಳು ಮಲಗುವ ಜಾಗ. ನಲವತ್ತೊಂದು ಶಾಲೆಗಳನ್ನು ಮಕ್ಕಳ ಸಮೇತ ಮುಚ್ಚಿದರು. ಬಿಳಿದಿನ್ನಿಯಲ್ಲಿ ಮೊದಲ ವಾರವೇ ನಾಲ್ವರು ಶಿಕ್ಷಕಿಯರು, ಅಡುಗೆಯ ಶಾಂತವ್ವ, ವಾರ್ಡನ್ ಮಹಾನಂದಾ ಆಸ್ಪತ್ರೆ ಸೇರಿದರು. ಎದ್ದು ಬಂದವಳು ಮಹಾನಂದಾ ಒಬ್ಬಳೇ. ಒಮ್ಮೆ ಗೆದ್ದವರಿಗೆ ಅದು ಮತ್ತೆ ಅಂಟುತ್ತಿರಲಿಲ್ಲ. ಅವಳು ಆಸ್ಪತ್ರೆಯಿಂದ ಮನೆಗೆ ಹೋಗದೆ ನೇರ ಶಾಲೆಗೆ ಬಂದು ಗೇಟಿನೊಳಗೆ ಕಾಲಿಟ್ಟಳು. ಅಂದಿನಿಂದ ಆ ಕಾಂಪೌಂಡಿನೊಳಗೆ ದೊಡ್ಡವಳೆಂದರೆ ಅವಳೊಬ್ಬಳೇ.

ರೇಷನ್ನು ಗೇಟಿನ ಹೊರಗೆ ಬಂದು ಬೀಳುತ್ತಿತ್ತು. ಹತ್ತನೆಯ ತರಗತಿಯವರು ರೊಟ್ಟಿ ಬಡಿಯುವುದನ್ನು ಕಲಿತರು, ಒಂಬತ್ತನೆಯವರು ಆರನೆಯವರಿಗೆ ಗಣಿತ ಹೇಳಿಕೊಟ್ಟರು. ಹತ್ತನೆಯ ರಜಿಯಾ ಎಲ್ಲರ ತಲೆಗೂ ಎಣ್ಣೆ ಹಚ್ಚುವ ಕೆಲಸವನ್ನು ತಾನಾಗಿಯೇ ವಹಿಸಿಕೊಂಡಳು. ಯಾರಿಗಾದರೂ ಮನೆಯಿಂದ ಕೆಟ್ಟ ಸುದ್ದಿ ಬಂದರೆ ಆ ದಿನ ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಹಾಗೆಂದು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಭಾನುವಾರ ಹೆತ್ತವರು ಬರುತ್ತಿದ್ದರು. ಗೇಟಿನಿಂದ ಮೂವತ್ತು ಹೆಜ್ಜೆ ದೂರ ಸುಣ್ಣದ ಗೆರೆ ಎಳೆದಿತ್ತು. ಗೆರೆಯಾಚೆ ಅವರು, ಸರಳುಗಳ ಹಿಂದೆ ಮಕ್ಕಳು. ಏಳನೆಯ ತರಗತಿಯ ದಾನಮ್ಮನ ತಾಯಿ ಯಲ್ಲವ್ವ ಒಂದು ವಾರವೂ ತಪ್ಪಿಸಿದವಳಲ್ಲ. ಎರಡು ಊರಾಚೆಯಿಂದ ನಡೆದು ಬಂದು, ರೊಟ್ಟಿಯ ಗಂಟನ್ನು ಗೆರೆಯ ಮೇಲಿಟ್ಟು ಹಿಂದೆ ಸರಿದು ನಿಲ್ಲುವಳು. ಗಂಡ ಪರಸಪ್ಪ ಹಿಟ್ಟಿನ ಗಿರಣಿಯಲ್ಲಿ ಕೆಲಸದವನು. ಅವನು ಬಂದಾಗ ಮೀಸೆಯ ಮೇಲೆಲ್ಲ ಹಿಟ್ಟು.

"ಉಂಡೇನು?" ಎಂದು ಯಲ್ಲವ್ವ ಕೂಗುವಳು.

"ಉಂಡೀನಿ," ಎಂದು ದಾನಮ್ಮ ಇಲ್ಲಿಂದ ಕೂಗುವಳು.

ಐದನೆಯ ತಿಂಗಳಲ್ಲಿ ಆ ಮಾತು ಸುಳ್ಳಾಯಿತು. ದಾನಮ್ಮ ಉಣ್ಣುವುದನ್ನು ಬಿಟ್ಟಳು. ತಟ್ಟೆಯ ಮುಂದೆ ಕೂತು ರೊಟ್ಟಿಯನ್ನು ಚೂರು ಮಾಡುವಳು, ಚೂರುಗಳನ್ನು ಸಾಲಾಗಿ ಇಡುವಳು, ಎದ್ದು ಹೋಗುವಳು. ಮಹಾನಂದಾ ತುತ್ತು ಮಾಡಿ ಕೊಟ್ಟರೆ ಬಾಯಲ್ಲಿಟ್ಟುಕೊಂಡು ಹೊರಗೆ ಹೋಗಿ ಉಗಿಯುವಳು. ಹನ್ನೆರಡು ವರ್ಷದ ಹುಡುಗಿ, ತಿಂಗಳಲ್ಲಿ ನಾಲ್ಕು ಕಿಲೋ ಇಳಿದಳು. ಅಷ್ಟರಲ್ಲಿ ಒಂದು ಶನಿವಾರ ಅವಳ ಕೊಳವೆ ಹಳದಿಯಾಗಿ ಉಳಿಯಿತು, ಮುಂದಿನ ಶನಿವಾರವೂ ಉಳಿಯಿತು. ಹುಡುಗಿ ಅವತ್ತು ಎರಡು ರೊಟ್ಟಿ ತಿಂದಳು.

ಮೂರನೆಯ ಶನಿವಾರ ದಾನಮ್ಮ ಊದಿ ಮುಗಿಸಿದ ಮೇಲೆ ಮಹಾನಂದಾ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ನೀರು ಹಳದಿಯಾಗಿರಲಿಲ್ಲ, ಕೆಂಪೂ ಆಗಿರಲಿಲ್ಲ. ಹಣ್ಣಾದ ಪಪ್ಪಾಯಿಯ ಬಣ್ಣ. ಧಾರವಾಡದ ಪ್ರಯೋಗಾಲಯದ ಡಾಕ್ಟರು ಮೊದಲ ದಿನವೇ ಹೇಳಿದ್ದರು: ನಡುವಿನ ಬಣ್ಣ ಬಂದರೆ ಕೆಂಪೆಂದೇ ತಿಳಿಯಿರಿ. ಮಹಾನಂದಾ ಕೊಳವೆಯನ್ನು ಸ್ವಲ್ಪ ವಾಲಿಸಿದಳು. ಬಿಸಿಲಿನಲ್ಲಿ ಅದು ಹಳದಿಯೇ ಕಂಡಂತಾಯಿತು. ತಿರುಗಿ ನೋಡಿದರೆ ದಾನಮ್ಮ ಕೊಳವೆಯನ್ನು ನೋಡುತ್ತಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದಳು.

"ಹಳದಿ," ಎಂದಳು ಮಹಾನಂದಾ.

ಭಾನುವಾರ ಗೇಟು ತೆರೆದಾಗ ಯಲ್ಲವ್ವ ಗೆರೆಯನ್ನು ದಾಟಿ ಓಡಿಬಂದಳು. ಮಗಳನ್ನು ತಬ್ಬಿಕೊಂಡು ನೆಲದ ಮೇಲೆ ಕೂತೇಬಿಟ್ಟಳು. ಒಳಗಿದ್ದ ಹುಡುಗಿಯರು ದೂರದ ವರಾಂಡದ ಸರಳಿಗೆ ಮುಖ ಒತ್ತಿ ನೋಡಿದರು. ಪರಸಪ್ಪ ಮಹಾನಂದಾಳ ಕಡೆ ತಿರುಗಿ ಎರಡೂ ಕೈ ಜೋಡಿಸಿದ. ಮಹಾನಂದಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹದಿನೇಳನೆಯ ದಿನ ಅಂಬುಲೆನ್ಸೊಂದು ದಾನಮ್ಮನನ್ನು ತಿರುಗಿ ತಂದು ಬಿಟ್ಟಿತು. ಹೊಸ ಲಂಗ ತೊಟ್ಟಿದ್ದಳು. ಕೈಯಲ್ಲಿ ಒಂದು ಚೀಲ. ಡ್ರೈವರ್ ಮೈತುಂಬ ಪ್ಲಾಸ್ಟಿಕ್ ಅಂಗಿ ಹಾಕಿಕೊಂಡಿದ್ದ, ಗೆರೆಯಾಚೆಯಿಂದಲೇ ಹೇಳಿದ.

"ಅಪ್ಪ, ಅವ್ವ ಇಬ್ರೂ ಹೋದ್ರ್ರಿ. ಅವರನ್ನ ನೋಡ್ಕೊಳ್ಳಾಕ ಬಂದಿದ್ದ ಬಾಜೂಮನಿ ಅಜ್ಜೀನೂ ಹೋದ್ಲು. ಈ ಹುಡುಗೀನ ಯಾರೂ ಇಟ್ಕೊಳ್ಳಾಕ ಒಲ್ಲರ‍್ರಿ."

ರಜಿಯಾ ಹೋಗಿ ದಾನಮ್ಮನ ಚೀಲ ಇಸಿದುಕೊಂಡಳು. ಹುಡುಗಿ ಅಳಲಿಲ್ಲ. ಹಳೆಯ ಮಂಚದ ಹತ್ತಿರ ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು.

ಅದೇ ಮಧ್ಯಾಹ್ನ ವಿಜ್ಞಾನ ಕೊಠಡಿಯ ಕಂಪ್ಯೂಟರಿನ ಪರದೆಯ ಮೇಲೆ ಡಾ. ನಫೀಸಾ ಇನಾಮದಾರ ಕಾಣಿಸಿಕೊಂಡರು. ಧಾರವಾಡದಲ್ಲಿ ಕೊಳವೆಯನ್ನು ರೂಪಿಸಿದ ತಂಡದ ಡಾಕ್ಟರು ಇವರೇ. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಹಿಂದಿನ ಗೋಡೆಯ ಮೇಲೆ ನಲವತ್ತೊಂದು ಶಾಲೆಗಳ ನಕ್ಷೆ.

"ಮೇಡಂ, ಈವರೆಗೂ ಮುನ್ನೂರಾ ಹತ್ತು ಮಕ್ಕಳು ಮನೀಗೆ ಹೋಗ್ಯಾರ. ಒಂದ ಮನ್ಯಾಗೂ ಜ್ವರ ಬಂದಿರಲಿಲ್ಲ. ಇದ ಮೊದಲನೇದು. ಆ ಹುಡುಗಿದು ಮೂರನೇ ಕೊಳವಿ ಯಾವ ಬಣ್ಣ ಇತ್ತು?"

ಕೊಳವೆಯನ್ನು ಅವತ್ತೇ ಬ್ಲೀಚ್ ನೀರಿಗೆ ಹಾಕಿ ಹೂಳಿಯಾಗಿತ್ತು. ಈಗ ಉಳಿದದ್ದು ಮಹಾನಂದಾಳ ಮಾತೊಂದೇ.

"ಹಳದಿ ಇತ್ರಿ."

"ಪಕ್ಕಾ?"

"ಹೌದ್ರಿ. ಹಳದಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಂಗಾದ್ರ ನಮ್ಮ ಕೊಳವೀನ ಸುಳ್ಳ ಹೇಳಾಕತ್ತಾವ. ಯಾವುದನ್ನೂ ನಂಬೂಹಂಗಿಲ್ಲ. ಇವತ್ತಿನಿಂದ ಎಲ್ಲಾ ಶಾಲ್ಯಾಗೂ ಮಕ್ಕಳನ್ನ ಕಳಸೂದು ಬಂದ್ ಮಾಡಸ್ತೀನಿ. ಮತ್ತ ಮೊದಲಿಂದ ಪರೀಕ್ಷಾ ಮಾಡಬೇಕು."

ಮಹಾನಂದಾ ತಲೆ ಆಡಿಸಿದಳು. ತನ್ನ ಒಂದು ಶಬ್ದ ಇಷ್ಟು ದೂರ ಹೋಗುತ್ತದೆಂದು ಅವಳು ಎಣಿಸಿರಲಿಲ್ಲ. ಈಗಲೇ ಹೇಳಿಬಿಡಲೇ ಎನ್ನುವಷ್ಟರಲ್ಲಿ ಪರದೆ ಕಪ್ಪಾಯಿತು.

ಆರನೆಯ ತರಗತಿಯ ಸುಗಂಧಾಳ ಮೂರನೆಯ ಕೊಳವೆ ಆ ವಾರವಷ್ಟೇ ಹಳದಿಯಾಗಿತ್ತು, ಅದು ನಿಜವಾದ ಹಳದಿ. ಅವಳಪ್ಪ ಮೋಟಾರು ಸೈಕಲ್ ತಂದು ಗೆರೆಯಾಚೆ ನಿಂತವನು ಬರಿಗೈಯಲ್ಲಿ ತಿರುಗಿ ಹೋದ. ಸುಗಂಧಾ ಕಟ್ಟಿದ ಟ್ರಂಕನ್ನು ಬಿಚ್ಚಲು ಒಪ್ಪಲಿಲ್ಲ. ಅದನ್ನು ಗೇಟಿನ ಹತ್ತಿರ ಎಳೆದುಕೊಂಡು ಹೋಗಿ ಅದರ ಮೇಲೆ ಕೂತಳು. ಬಿಸಿಲೇರಿದರೆ ಬೇವಿನ ಮರದ ನೆರಳಿಗೆ ಟ್ರಂಕನ್ನು ಎಳೆಯುವಳು, ನೆರಳು ಸರಿದರೆ ತಾನೂ ಸರಿಯುವಳು. ಊಟಕ್ಕೆ ಕರೆದರೆ, "ಅಪ್ಪ ಬಂದ್ರ ನಾ ಇಲ್ಲಿ ಇರಬೇಕಲ್ರಿ," ಎನ್ನುವಳು. ಹೀಗೆ ಹದಿನೆಂಟು ದಿನ.

ಆ ಹದಿನೆಂಟು ದಿನ ಮಹಾನಂದಾಳಿಗೆ ಅನ್ನ ರುಚಿಸಲಿಲ್ಲ. ಮೊದಲ ದಿನ ಸುಳ್ಳು ಹೇಳಿಸಿದ್ದು ಹೆದರಿಕೆ. ಎರಡನೆಯ ದಿನದಿಂದ ಅವಳ ಬಾಯಿ ಕಟ್ಟಿದ್ದು ದಾನಮ್ಮ. ನಿಜ ಹೇಳಿದರೆ, ನಿನ್ನ ಹೆತ್ತವರನ್ನು ಕೊಂದದ್ದು ನಿನ್ನ ಉಸಿರು ಎಂದು ಹುಡುಗಿಗೆ ಹೇಳಿದ ಹಾಗಲ್ಲವೇ? ಆದರೆ ಹುಡುಗಿ ಅದನ್ನು ಆಗಲೇ ಬಲ್ಲಳು ಎಂಬುದೂ ಅವಳಿಗೆ ಒಳಗೊಳಗೆ ತಿಳಿಯುತ್ತಿತ್ತು. ವಾಪಸು ಬಂದ ಮೇಲಿನ ಶನಿವಾರ ಕೊಳವೆ ಊದಿದಾಗ ನೀರು ಕುಂಕುಮದ ಹಾಗೆ ಕೆಂಪಾಗಿತ್ತು. ದಾನಮ್ಮ ಅದನ್ನು ನೋಡಿ, ಏನೂ ಅನ್ನದೆ, ಬಾಯಿಯನ್ನು ಲಂಗದ ಅಂಚಿನಿಂದ ಒರೆಸಿಕೊಂಡು ಹೋಗಿದ್ದಳು.

ಹತ್ತೊಂಬತ್ತನೆಯ ದಿನ ಬೆಳಿಗ್ಗೆ ದಾನಮ್ಮ ಅಡುಗೆಮನೆಯ ಹಿಂದಿನ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಮಹಾನಂದಾ ಎದುರಿಗೆ ಕೂತು ತಾನೂ ಒಂದು ಹಿಡಿ ಜೋಳ ಮುಂದೆಳೆದುಕೊಂಡಳು. ಕಲ್ಲು ಆರಿಸುತ್ತ, ತಲೆಯೆತ್ತದೆ ಹೇಳಿದಳು.

"ದಾನವ್ವ, ನಿನ್ನ ಮೂರನೇ ಕೊಳವಿ ಹಳದಿ ಇರಲಿಲ್ಲ. ಬಣ್ಣ ಕೆಟ್ಟಿತ್ತು. ನನಗ ಕಂಡಿತ್ತು. ಕಂಡೂ ಹಳದಿ ಅಂದೆ. ಡಾಕ್ಟರಿಗೂ ಸುಳ್ಳ ಹೇಳಿದೆ. ಇವತ್ತ ಖರೆ ಹೇಳಾಕ ಹೊಂಟೀನಿ. ನಿನಗ ಮೊದಲ ಹೇಳಬೇಕಂತ ಬಂದೆ."

ದಾನಮ್ಮನ ಕೈ ನಿಂತಿತು. ಮೊರದಲ್ಲಿದ್ದ ಜೋಳವನ್ನು ನೋಡುತ್ತಲೇ ಅವಳೆಂದಳು:

"ನಾ ಮೆಲ್ಲಕ ಊದಿದ್ನಿರಿ, ಅಕ್ಕೋರ."

"ಏನಂದಿ?"

"ಮೆಲ್ಲಕ ಊದಿದ್ರ ಹಳದಿ ಉಳೀತೈತಿ. ಈಗೀಗ ಎಲ್ಲಾರಿಗೂ ಗೊತ್ತಾಗೈತ್ರಿ. ಮೂಗಿನಾಗ ಉಸರ ಬಿಟ್ಟು ಬಾಯಾಗ ಸುಳ್ಳಸುಳ್ಳ ಊದೂದು. ಮೂರೂ ಸರ್ತಿ ನಾ ಹಂಗ ಮಾಡಿದ್ನಿ." ಅವಳ ದನಿ ಸಣ್ಣದಾಯಿತು. "ಅವ್ವನ್ನ ನಾನ ಕೊಂದ್ನಿರಿ. ಅಪ್ಪನ್ನೂ."

ಮಹಾನಂದಾ ವಾರವಾರ ಅರವತ್ತೆರಡು ಮಕ್ಕಳ ಬಾಯನ್ನು ಎದುರಿಗೇ ನೋಡಿದವಳು. ಯಾರು ಎಷ್ಟು ಊದಿದರೆಂದು ಒಮ್ಮೆಯೂ ಗಮನಿಸಿರಲಿಲ್ಲ, ನೋಡಿದ್ದೆಲ್ಲ ಕೊಳವೆಯ ತಳವನ್ನೇ.

"ಇಲ್ಲಿ ಕೇಳು," ಎಂದು ಅವಳು ಹುಡುಗಿಯ ಕೈ ಹಿಡಿದಳು. "ನೀ ಸಣ್ಣಾಕಿ. ಮನೀಗೆ ಹೋಗಬೇಕಂತ ಸಣ್ಣವರು ಏನ ಬೇಕಾದ್ರೂ ಮಾಡ್ತಾರ. ಅದನ್ನ ಹಿಡಿಯೂದು ನನ್ನ ಕೆಲಸ. ನೀ ಅಷ್ಟ ಮೆಲ್ಲಕ ಊದಿದ್ರೂ ಬಣ್ಣ ಕೆಟ್ಟಿತ್ತು. ಆ ನೀರು ನನಗ ಹೇಳಿತ್ತು, ಈಕಿನ್ನ ಕಳಸಬ್ಯಾಡ ಅಂತ. ನಾ ಕೇಳಲಿಲ್ಲ. ತಪ್ಪು ನಂದು. ನಿಂದಲ್ಲ."

ದಾನಮ್ಮ ಮೊದಲ ಸಲ ತಲೆಯೆತ್ತಿ ನೋಡಿದಳು.

"ಗೊತ್ತಿದ್ರೂ ಯಾಕ ಬಿಟ್ರಿ?"

ಮಹಾನಂದಾ ಬಾಯಿ ತೆರೆದಳು. ನೀನು ಉಣ್ಣುತ್ತಿರಲಿಲ್ಲ ಎನ್ನಬಹುದಿತ್ತು. ಹಾಗೆಂದರೆ ಭಾರವನ್ನು ಮತ್ತೆ ಹುಡುಗಿಯ ತಲೆಯ ಮೇಲೇ ಹೊರಿಸಿದಂತೆ. ದಾನಮ್ಮ ಕೈ ಬಿಡಿಸಿಕೊಂಡು, ಮೊರವನ್ನು ಅಲ್ಲೇ ಬಿಟ್ಟು, ಒಳಗೆ ಹೋದಳು.

ಆಮೇಲೆ ಮಹಾನಂದಾ ವಿಜ್ಞಾನ ಕೊಠಡಿಗೆ ಹೋಗಿ ಧಾರವಾಡಕ್ಕೆ ಕರೆ ಮಾಡಿದಳು. ಎಲ್ಲವನ್ನೂ ಹೇಳಿದಳು. ಡಾ. ಇನಾಮದಾರ ಕೊನೆಯವರೆಗೂ ಕೇಳಿದರು.

"ಹದಿನೆಂಟ ದಿವಸ, ಮೇಡಂ," ಎಂದರು ಕಡೆಗೆ. ಅವರ ದನಿ ಏರಲಿಲ್ಲ. "ನಮ್ಮ ಹುಡುಗರು ಹದಿನೆಂಟ ದಿವಸ ಮನೀಗೆ ಹೋಗದ ಕೊಳವೀ ಒಳಗ ತಪ್ಪ ಹುಡುಕ್ಯಾರ. ಹೋದ ವಾರ ಒಂದ ಶಾಲ್ಯಾಗ ಇಬ್ರು ಮಕ್ಕಳು ಗೋಡಿ ಹಾರಿ ಮನೀಗೆ ಹೋದ್ರು. ಇನ್ನ ಕಳಸೂದಿಲ್ಲಂತ ಯಾರೋ ಹೇಳಿದ್ರಂತ. ಇಬ್ರೂ ಕೆಂಪಿದ್ರು."

"ಆ ಮನ್ಯಾಗ..."

"ಒಂದ ಮನ್ಯಾಗ ಯಾರಿಗೂ ಏನೂ ಆಗಿಲ್ಲ. ಇನ್ನೊಂದ ಮನ್ಯಾಗ ಅಜ್ಜ ಹೋದ್ರು."

ಅಷ್ಟು ಹೊತ್ತೂ ಮಹಾನಂದಾಳ ಲೆಕ್ಕದಲ್ಲಿ ಮೂರು ಜೀವಗಳಿದ್ದವು. ಈಗ ನಾಲ್ಕು.

"ಇನ್ನೊಂದ ಮಾತೈತ್ರಿ, ಡಾಕ್ಟರ್. ಮೆಲ್ಲಕ ಊದಿದ್ರ ಬಣ್ಣ ತಿರಗೂದಿಲ್ಲ."

ಡಾಕ್ಟರು ಮುಂದಕ್ಕೆ ಬಾಗಿದರು. "ಯಾರ ಹೇಳಿದ್ರು?"

"ಮಕ್ಕಳು."

"ಯಾವ ಹುಡುಗಿ?"

"ಎಲ್ಲಾ ಹುಡುಗ್ಯಾರೂ," ಎಂದಳು ಮಹಾನಂದಾ. ಅಷ್ಟು ಹೇಳಿ ನಿಲ್ಲಿಸಿದಳು.

ಆ ಮಧ್ಯಾಹ್ನವೇ ಅವಳು ರಜಿಯಾಳನ್ನು ಕರೆದು ಎರಡು ಕೊಳವೆ ಕೊಟ್ಟಳು. ಒಂದಕ್ಕೆ ಜೋರಾಗಿ, ಒಂದಕ್ಕೆ ಮೆಲ್ಲಗೆ ಊದಲು ಹೇಳಿದಳು. ಒಂದೇ ಎದೆಯ ಉಸಿರು. ಒಂದು ಕೆಂಪಾಯಿತು, ಇನ್ನೊಂದು ಹಳದಿಯಾಗಿಯೇ ಉಳಿಯಿತು. ಪರದೆಯಾಚೆ ಡಾ. ಇನಾಮದಾರ ಅದನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಪ್ರಯೋಗಾಲಯದಲ್ಲಿ ಊದಿದವರೆಲ್ಲ ದೊಡ್ಡವರು, ಜೀವ ಉಳಿಸಿಕೊಂಡವರು. ಮೈಯಲ್ಲಿ ರೋಗ ಇದ್ದರೆ ಗೊತ್ತಾಗಲಿ ಎಂದು ಎದೆ ತುಂಬ ಊದಿದವರು. ಮನೆಗೆ ಹೋಗುವ ಆಸೆಯ ಮಗು ಹೇಗೆ ಊದುತ್ತದೆಂದು ಯಾರಿಗೂ ಹೊಳೆದಿರಲಿಲ್ಲ.

ಮೂರು ವಾರದಲ್ಲಿ ಹೊಸ ಕೊಳವೆಗಳು ಬಂದವು. ಅವುಗಳ ಬಾಯಲ್ಲಿ ಸಣ್ಣದೊಂದು ಪೀಪಿ. ಸಾಕಷ್ಟು ಉಸಿರು ಬಿದ್ದರೆ ಮಾತ್ರ ಅದು ಕೂಗುತ್ತಿತ್ತು, ನಿಮಿಷ ಪೂರ್ತಿ ಕೂಗಿದ ಮೇಲೆಯೇ ಬಣ್ಣ ನೋಡಬೇಕು. ನೋಡುವವರೂ ಇಬ್ಬರಿರಬೇಕು ಎಂದು ನಿಯಮವಾಯಿತು. ಮಹಾನಂದಾಳ ಪಕ್ಕದಲ್ಲಿ ರಜಿಯಾ ಕೂತಳು. ಶನಿವಾರ ಬೆಳಿಗ್ಗೆ ಇಡೀ ಶಾಲೆ ಪೀಪಿಯ ದನಿಯಿಂದ ತುಂಬುತ್ತಿತ್ತು. ಹೊರಗಿನ ರಸ್ತೆಯಲ್ಲಿ ಹೋಗುವವರಿಗೆ ಒಳಗೆ ಏನೋ ಹಬ್ಬ ನಡೆದಿದೆ ಅನ್ನಿಸಬೇಕು. ಮೊದಲ ಶನಿವಾರ ಹಿಂದೆ ಹಳದಿಯಾಗಿದ್ದ ಒಂಬತ್ತು ಹುಡುಗಿಯರು ಕೆಂಪಾದರು. ಸುಗಂಧಾ ಹಳದಿಯಾಗಿಯೇ ಉಳಿದು, ಇನ್ನೆರಡು ವಾರ ಕಳೆದು, ಟ್ರಂಕಿನೊಂದಿಗೆ ಅಪ್ಪನ ಮೋಟಾರು ಸೈಕಲ್ ಏರಿದಳು.

ಇಲಾಖೆಯಿಂದ ಮಹಾನಂದಾಳಿಗೆ ಪತ್ರ ಬಂತು. ಅವಳನ್ನು ಕೆಲಸದಿಂದ ತೆಗೆದಿದೆ, ಬದಲಿ ವ್ಯವಸ್ಥೆ ಆಗುವತನಕ ಮಾತ್ರ ಮುಂದುವರಿಯಬೇಕು ಎಂದಿತ್ತು. ಜ್ವರ ಗೆದ್ದು ಉಳಿದವರಲ್ಲಿ ಬಿಳಿದಿನ್ನಿಗೆ ಬರಲು ಯಾರೂ ಸಿಗಲಿಲ್ಲ. ಅವಳು ಪತ್ರವನ್ನು ಮಡಚಿಟ್ಟು ಮೊದಲಿನಂತೆ ಕೊಳವೆ ಜೋಡಿಸಿದಳು, ಜೋಳದ ಹಿಟ್ಟು ನಾದಿದಳು. ಹುಡುಗಿಯರಿಗೆ ಎಲ್ಲ ತಿಳಿದಿತ್ತು. ಕೆಲವರು ಅವಳಿಗೆ ಇನ್ನಷ್ಟು ಹತ್ತಿರವಾದರು, ಕೆಲವರು ಅವಳು ಬಡಿಸಿದ ಸಾರನ್ನು ಮುಟ್ಟಲಿಲ್ಲ. ದಾನಮ್ಮ ಉಣ್ಣುತ್ತಿದ್ದಳು. ಆದರೆ ಮಾತಾಡುತ್ತಿರಲಿಲ್ಲ. ಮಹಾನಂದಾ ಕರೆದರೆ ಬಂದು ನಿಲ್ಲುವಳು, ಹೇಳಿದ ಕೆಲಸ ಮಾಡುವಳು, ಹೋಗುವಳು. ಶನಿವಾರ ಅವಳ ಪೀಪಿ ಎಲ್ಲರಿಗಿಂತ ಜೋರಾಗಿ ಕೂಗುತ್ತಿತ್ತು. ಕಣ್ಣಲ್ಲಿ ನೀರು ಬರುವ ಹಾಗೆ, ಕತ್ತಿನ ನರ ಉಬ್ಬುವ ಹಾಗೆ ಊದುವಳು. ನಿಮಿಷ ಮುಗಿದರೂ ಬಿಡುತ್ತಿರಲಿಲ್ಲ. ರಜಿಯಾ, "ಸಾಕವ್ವ, ಸಾಕು," ಎಂದು ಕೊಳವೆಯನ್ನು ಇಸಿದುಕೊಳ್ಳಬೇಕಾಗುತ್ತಿತ್ತು.

ಹೀಗೆ ನಾಲ್ಕು ತಿಂಗಳು. ಒಬ್ಬೊಬ್ಬರೇ ಹೋದರು. ಮಲಗುವ ಕೋಣೆಯಲ್ಲಿ ಮಂಚಗಳು ಖಾಲಿಯಾಗುತ್ತ ಬಂದವು. ರಜಿಯಾ ಹೋಗುವ ದಿನ ದಾನಮ್ಮನ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹಾಕಿ, ಬಹಳ ಹೊತ್ತು ಅವಳ ಹಿಂದೆಯೇ ಕೂತಿದ್ದಳು. ಕೊನೆಗೆ ಉಳಿದವರು ಇಬ್ಬರು, ಮಹಾನಂದಾ ಮತ್ತು ದಾನಮ್ಮ. ಆ ವಾರ ದಾನಮ್ಮನ ಮೂರನೆಯ ಕೊಳವೆಯೂ ಹಳದಿಯಾಗಿ ಉಳಿಯಿತು. ಜೊತೆಗೆ ನೋಡಲು ಯಾರೂ ಇರಲಿಲ್ಲವಾದ್ದರಿಂದ ಮಹಾನಂದಾ ಕೊಳವೆಯನ್ನು ಪರದೆಯ ಮುಂದೆ ಹಿಡಿದಳು. ಡಾ. ಇನಾಮದಾರ ಅದನ್ನು ನೋಡಿ, "ಹಳದಿ," ಎಂದರು. ಆಮೇಲೆ ಹುಡುಗಿಯ ಮುಖ ನೋಡಿ, "ಚಲೋ ಊದಿದಿ, ತಂಗಿ," ಎಂದರು.

ದಾನಮ್ಮನ ಸೋದರಮಾವ ಸೋಲಾಪುರದಲ್ಲಿದ್ದ. ಫೋನು ಮಾಡಿದರೆ, ಮನೆಯಲ್ಲಿ ಹೆಂಡತಿ ಹೆದರುತ್ತಾಳೆ, ಇನ್ನೊಂದು ತಿಂಗಳು ಹೋಗಲಿ, ತಾನೇ ಬರುತ್ತೇನೆ ಎಂದ. ಗೇಟಿನ ಬೀಗ ತೆಗೆದೇ ಇತ್ತು. ಹುಡುಗಿಗೆ ಹೋಗಲು ಜಾಗವಿರಲಿಲ್ಲ.

ಮರುದಿನ ಭಾನುವಾರ. ಮಧ್ಯಾಹ್ನ ಮಹಾನಂದಾ ಊಟದ ಕೋಣೆಯಲ್ಲಿ ಎರಡು ತಟ್ಟೆ ಹಾಕಿದಳು. ಎಂದಿನಂತೆ ದಾನಮ್ಮನದನ್ನು ಆಚೆ ತುದಿಯಲ್ಲಿ ಕಿಟಕಿಯ ಹತ್ತಿರ, ತನ್ನದನ್ನು ಈಚೆ ತುದಿಯಲ್ಲಿ. ದಾನಮ್ಮ ಬಂದಳು. ತಟ್ಟೆಯ ಮುಂದೆ ಕೂರದೆ ಅದನ್ನು ಎತ್ತಿಕೊಂಡು, ಅಷ್ಟುದ್ದದ ಖಾಲಿ ಕೋಣೆಯನ್ನು ನಡೆದು ಬಂದು, ಮಹಾನಂದಾಳ ಎದುರಿಗೆ ಕೂತಳು. ಸ್ವಲ್ಪ ಹೊತ್ತು ಇಬ್ಬರೂ ಉಂಡರು.

"ಮನೀಗೆ ಹೋದ ದಿವಸ ಅವ್ವ ನನಗ ಎರದ್ಲರಿ," ಎಂದಳು ದಾನಮ್ಮ. "ಎರಡ ಹಂಡೇ ನೀರು ಕಾಸಿದ್ಲು. ತಲ್ಯಾಗ ಹೇನ ಆಗಿದ್ವು, ಬೈದ್ಲು. ನಿಮ್ಮ ಅಕ್ಕೋರು ಏನ ನೋಡ್ತಿದ್ರು ಅಂದ್ಲು."

ಮಹಾನಂದಾ ತುತ್ತನ್ನು ಕೈಯಲ್ಲೇ ಹಿಡಿದುಕೊಂಡಳು. ಆ ದಿನಗಳ ಬಗ್ಗೆ ಹುಡುಗಿಯನ್ನು ಕೇಳುವ ಧೈರ್ಯ ಅವಳಿಗೆ ಎಂದೂ ಆಗಿರಲಿಲ್ಲ.

"ಮರುದಿವಸ ಹೋಳಿಗಿ. ಅಪ್ಪ ಗಿರಣಿಗೆ ಹೋಗಲೇ ಇಲ್ಲ. ಅವ್ವ ಹೋಗೋ ಮಾರಾಯಾ ಅಂದ್ರ, ಮಗಳು ಬಂದಾಳ, ಊರಿನವರು ಒಂದ ದಿವಸ ಕಾಳ ತಿನ್ಲಿ ಅಂದ." ಅವಳ ತುಟಿಯ ಮೂಲೆಯಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. "ಮೂರನೇ ದಿವಸ ಸಂತಿಗೆ ಕರಕೊಂಡ ಹೋದ. ಲಂಗದ ಅರಿವಿ ಕೊಡಿಸಿದ. ಅವ್ವ ತಾನ ಹೊಲದ್ಲು, ಕೈಲೆ. ನಾಕನೇ ದಿವಸಕ್ಕ ಮುಗೀತು. ಉದ್ದಾತು ಅಂದ್ನಿ. ಬೆಳೀತಿ ಬಿಡು ಅಂದ್ಲು."

ಅವಳು ಒಂದೊಂದೇ ದಿನ ಹೇಳುತ್ತ ಹೋದಳು. ಐದನೆಯ ದಿನ ಮೂವರೂ ಒಂದೇ ಕೌದಿಯಲ್ಲಿ ಮಲಗಿದ್ದು. ಆರನೆಯ ದಿನ ಬಾಜೂಮನೆಯ ಅಜ್ಜಿ ಬಂದು ಅವಳ ದೃಷ್ಟಿ ತೆಗೆದದ್ದು. ಏಳನೆಯ ದಿನ ಅವ್ವನೊಡನೆ ಚೌಕಾಬಾರಾ ಆಡಿ ಸೋತು ಜಗಳವಾಡಿದ್ದು. ಎಂಟನೆಯ ದಿನ ಅಪ್ಪ ಹೆಗಲ ಮೇಲೆ ಕೂರಿಸಿಕೊಳ್ಳಲು ಹೋಗಿ, "ಇಷ್ಟ ದೊಡ್ಡಾಕಿ ಯಾವಾಗ ಆದ್ಯವ್ವ," ಎಂದು ಇಳಿಸಿದ್ದು. ತಟ್ಟೆಯಲ್ಲಿ ಪಲ್ಯ ಆರಿತು. ಬಿಸಿಲು ಕಿಟಕಿಯಿಂದ ಸರಿದು ಖಾಲಿ ಬೆಂಚುಗಳ ಮೇಲೆ ಹೋಯಿತು.

"ಒಂಬತ್ತನೇ ದಿವಸ ಮುಂಜಾನೆ ಅಪ್ಪ..." ಎಂದಳು ದಾನಮ್ಮ. ಅಲ್ಲಿಗೆ ನಿಂತಳು.

ಮಹಾನಂದಾ ಮುಂದಿನದನ್ನು ಕೇಳಲಿಲ್ಲ. ಎದ್ದು ಹೋಗಲೂ ಇಲ್ಲ. ಎಂಜಲು ಕೈ ಒಣಗುತ್ತಿದ್ದಂತೆ, ಹುಡುಗಿ ಹೇಳುವತನಕ, ಹೇಳದಿದ್ದರೆ ಅವಳು ಏಳುವತನಕ, ಅವಳೆದುರಿಗೆ ಕೂತಳು.